ಎಡಪಕ್ಕೆಯೊಳಗಿನ ರಕ್ತದ ಗಂಟು

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಸಕಲೇಶಪುರದ ಕಡೆಯ ಹೆಂಗಸೊಬ್ಬರು ಬಂದು, ಪ್ಲಾಸ್ಟಿಕ್ ಕವರಿನಿಂದ ಸ್ಕ್ಯಾನಿಂಗ್ ವರದಿ ತೆಗೆದು ಮೇಜಿನ ಮೇಲಿಟ್ಟರು. ಹೊಟ್ಟೆನೋವೆಂದು ಪಿತ್ತಕೋಶದ ಕಲ್ಲು ಹುಡುಕಲು ಮಾಡಿಸಿದ್ದು. ಕಲ್ಲು ಸಿಕ್ಕಿರಲಿಲ್ಲ, ಗುಲ್ಮದಲ್ಲಿ, ಅಂದರೆ ಸ್ಪ್ಲೀನ್‌ನಲ್ಲಿ, 14 ಮಿಲಿಮೀಟರಿನ ಗಡ್ಡೆ ಸಿಕ್ಕಿತ್ತು. ‘ಹೆಮಾಂಜಿಯೋಮಾ’ ಎಂದು ಬರೆದಿತ್ತು. ‘ಇದೇನಿದ್ದರೂ ತೆಗೆದುಬಿಡಿ ಡಾಕ್ಟರೇ’ ಎಂದರು.

ಗಡ್ಡೆ ಎಂಬ ಮಾತೇ ಹಾಗೆ, ಅರ್ಧ ಜೀವ ತಿನ್ನುತ್ತದೆ. ಮಲೇರಿಯಾ ಕಾಡುತ್ತಿದ್ದ ಕಾಲದಲ್ಲಿ ಮಲೆನಾಡಿನ ಹಿರಿಯರು ‘ಜ್ವರಗಡ್ಡೆ’ ಎನ್ನುತ್ತಿದ್ದರಲ್ಲ, ಅದು ಊದಿಕೊಂಡ ಗುಲ್ಮವೇ. ಆರೋಗ್ಯವಂತರಲ್ಲಿ ಅದು ಎಡಪಕ್ಕೆಲುಬಿನ ಮರೆಯಲ್ಲಿ ಮುಷ್ಟಿಗಾತ್ರಕ್ಕಿದ್ದು, ಸುಮಾರು 150 ಗ್ರಾಂ ತೂಗುತ್ತದೆ. ಮುದಿಯಾದ ಕೆಂಪು ರಕ್ತಕಣಗಳನ್ನು ಸೋಸುತ್ತದೆ, ಸೋಂಕಿಗೆ ಅಡ್ಡ ನಿಲ್ಲುತ್ತದೆ.

ಹೆಮಾಂಜಿಯೋಮಾ ಎಂದರೆ ಸಣ್ಣ ರಕ್ತನಾಳಗಳು ಹೆಣೆದುಕೊಂಡ ಗಂಟು. ಗುಲ್ಮದಲ್ಲಿ ಹುಟ್ಟುವ ನಿರುಪದ್ರವಿ ಗಡ್ಡೆಗಳಲ್ಲಿ ಇದೇ ಹೆಚ್ಚು. ಕ್ಯಾನ್ಸರ್ ಅಲ್ಲ. ಅನುಮಾನವಿದ್ದರೆ ಔಷಧ ಚುಚ್ಚಿ ಮಾಡುವ ಸಿ.ಟಿ. ಅಥವಾ ಎಂ.ಆರ್.ಐ. ನೋಡುತ್ತೇವೆ. ಸೂಜಿ ಹಾಕಿ ಚೂರು ತೆಗೆಯಲು ಹಿಂಜರಿಯುತ್ತೇವೆ; ರಕ್ತ ತುಂಬಿದ ಅಂಗ, ಸೋರತೊಡಗಿದರೆ ಕಷ್ಟ.

ದಪ್ಪ ಕಾಫಿ ಹಣ್ಣಿನಷ್ಟಿರುವ ಇಂಥ ಗಂಟಿಗೆ ಮಾತ್ರೆಯೂ ಬೇಡ, ಕತ್ತರಿಯೂ ಬೇಡ. ಕೆಲವು ತಿಂಗಳ ಬಳಿಕ ಮತ್ತೆ ಸ್ಕ್ಯಾನ್ ಮಾಡಿಸಿದರಾಯಿತು. ಆದರೆ ಗಂಟು ಬೆಳೆಯುತ್ತಿದ್ದರೆ, ಎಡಪಕ್ಕೆಯಲ್ಲಿ ನೋವು ಕೊಡುತ್ತಿದ್ದರೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳನ್ನು ನುಂಗತೊಡಗಿದರೆ ಮಾತು ಬೇರೆ. ದೊಡ್ಡದು ಒಡೆದು ಹೊಟ್ಟೆಯೊಳಗೇ ರಕ್ತ ಹರಿಯುವುದೂ ಉಂಟು. ಆಗ ಶಸ್ತ್ರಚಿಕಿತ್ಸೆ, ಹಲವು ಬಾರಿ ಸಣ್ಣ ರಂಧ್ರಗಳ ಮೂಲಕವೇ. ಸಾಧ್ಯವಿದ್ದರೆ ಗುಲ್ಮದ ಒಂದು ಭಾಗವನ್ನಾದರೂ ಉಳಿಸಿಕೊಳ್ಳಲು ನಾನು ಹಟ ಹಿಡಿಯುತ್ತೇನೆ.

ಏಕೆಂದರೆ ಗುಲ್ಮವಿಲ್ಲದವರಿಗೆ ನ್ಯುಮೋಕಾಕಸ್‌ನಂಥ ರೋಗಾಣುಗಳು ತಗುಲಿದರೆ ಗಂಟೆಗಳಲ್ಲಿ ಪರಿಸ್ಥಿತಿ ಕೈಮೀರಬಹುದು. ಪೂರ್ತಿ ತೆಗೆಯಲೇಬೇಕೆಂದರೆ ಕನಿಷ್ಠ 2 ವಾರ ಮೊದಲೇ ಲಸಿಕೆಗಳನ್ನು ಹಾಕಿಸುತ್ತೇವೆ. ತೆಗೆಸಿಕೊಂಡವರಿಗೆ ಜ್ವರ ಬಂದರೆ, ಬೆಳಗಾಗಲಿ ನೋಡೋಣ ಎನ್ನಬಾರದು. ತೋಟದ ಮನೆಯಾದರೂ ಸರಿ, ಆ ರಾತ್ರಿಯೇ ಗಾಡಿ ಹೊರಡಿಸಬೇಕು.

ಆ ಹೆಂಗಸಿಗೆ ಆರು ತಿಂಗಳ ನಂತರದ ಸ್ಕ್ಯಾನಿನಲ್ಲೂ ಅದೇ 14. ಅವರನ್ನು ಮೊದಲು ನನ್ನ ಬಳಿಗೆ ತಂದ ಹೊಟ್ಟೆನೋವು ಕುಯ್ಲಿನ ಭರದಲ್ಲಿ ಊಟ ಬಿಟ್ಟು, ಬರೀ ಕಾಫಿ ಕುಡಿದು ದುಡಿದದ್ದರ ಗ್ಯಾಸ್ಟ್ರಿಕ್. ಅದಕ್ಕೆ ಮಾತ್ರೆ ಬರೆದುಕೊಟ್ಟಿದ್ದೆ, ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳಿದ್ದೆ. ಮಾತ್ರೆ ನುಂಗಿದ್ದಾರೆ, ಊಟದ ಮಾತು ಎತ್ತಿದರೆ ನಗುತ್ತಾರೆ.

ನಮಸ್ಕಾರ.