ಲೇಪದ ಬೆನ್ನ ಕಡೆ

ಗೆಳೆಯರೇ,

ಸೊಂಟದ ಕೀಲು ಸವೆದುಹೋದವರಿಗೆ ತೊಡೆಮೂಳೆಯೊಳಗೆ ಟೈಟಾನಿಯಂ ಮಿಶ್ರಲೋಹದ ಕಾಂಡವೊಂದನ್ನು ಇಳಿಸುತ್ತಾರೆ. ಮೊದಲ ವಾರಗಳಲ್ಲಿ ಅದು 150 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಹೆಚ್ಚು ಅಲುಗಾಡುತ್ತಿದ್ದರೆ ಮೂಳೆ ಅದಕ್ಕೆ ಕಚ್ಚಿಕೊಳ್ಳುವುದಿಲ್ಲ. ಎರಡರ ನಡುವೆ ನಾರಿನಂಥ ಮೆದು ಪೊರೆ ಬೆಳೆಯುತ್ತದೆ. ಆಮೇಲೆ ಕಾಂಡ ಸಡಿಲವಾಗುತ್ತದೆ, ಹೆಜ್ಜೆಹೆಜ್ಜೆಗೂ ನೋವು ಶುರುವಾಗುತ್ತದೆ, ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಮೂಳೆಯನ್ನು ಬೇಗ ಹತ್ತಿರ ಕರೆಯುವ ಲೇಪಗಳು ಹುಟ್ಟಿದ್ದು ಇದನ್ನು ತಪ್ಪಿಸಲೆಂದೇ.

ಅವುಗಳಲ್ಲಿ ಹೆಚ್ಚು ಬಳಕೆಗೆ ಬಂದದ್ದು ಹೈಡ್ರಾಕ್ಸಿಅಪಟೈಟ್. ಮೂಳೆಯ ಖನಿಜಕ್ಕೆ ತೀರ ಹತ್ತಿರದ ಕ್ಯಾಲ್ಸಿಯಂ ಫಾಸ್ಫೇಟ್ ಅದು. ಲಂಡನ್ನಿನ ಶಸ್ತ್ರವೈದ್ಯ ರೊನಾಲ್ಡ್ ಫರ್ಲಾಂಗ್ 1985ರಲ್ಲಿ ಈ ಲೇಪವಿರುವ ಕಾಂಡವನ್ನು ಮೊದಲು ಅಳವಡಿಸಿದರು. ಮೂಳೆ ಅದನ್ನು ಮೆಚ್ಚಿತು. ಲೇಪಕ್ಕೂ ಮೂಳೆಗೂ ನಡುವೆ ಪೊರೆಯೇ ಇಲ್ಲದಂತೆ ಬೆಸೆದುಕೊಂಡಿತು.

ನನ್ನ ಚಿಂತೆ ಇರುವುದು ಲೇಪದ ಇನ್ನೊಂದು ಮುಖದ ಬಗ್ಗೆ, ಅಂದರೆ ಅದು ಲೋಹಕ್ಕೆ ಅಂಟಿದ ಕಡೆ. ಹತ್ತು ಸಾವಿರ ಡಿಗ್ರಿಗೂ ಮೀರಿದ ಪ್ಲಾಸ್ಮಾ (ವಿದ್ಯುದಾವೇಶಗೊಂಡ ಅತಿಬಿಸಿ ಅನಿಲ) ಜ್ವಾಲೆಯಲ್ಲಿ ಹೈಡ್ರಾಕ್ಸಿಅಪಟೈಟ್ ಪುಡಿಯನ್ನು ಕರಗಿಸಿ ಲೋಹದ ಮೇಲೆ ಎರಚುತ್ತಾರೆ. ಹನಿಗಳು ಕ್ಷಣದಲ್ಲಿ ತಣಿಯುತ್ತವೆ. ಬಿಸಿಯಲ್ಲಿ ಹೈಡ್ರಾಕ್ಸಿಅಪಟೈಟ್ ಟೈಟಾನಿಯಂಗಿಂತ ಹೆಚ್ಚು ಹಿಗ್ಗುವುದರಿಂದ ತಣಿಯುವಾಗ ಹೆಚ್ಚು ಕುಗ್ಗುತ್ತದೆ, ಒಳಗೊಳಗೇ ಬಿಗಿತ ಉಳಿಯುತ್ತದೆ. ಜೊತೆಗೆ ಒಂದಷ್ಟು ಭಾಗ ಹರಳಾಗದೆ ಉಳಿದು ದೇಹದ್ರವದಲ್ಲಿ ಬೇಗ ಕರಗುತ್ತದೆ. ಕರಗಿದ ಕ್ಯಾಲ್ಸಿಯಂ ಮೂಳೆಗೆ ಪೋಷಣೆಯೇ ಹೌದು, ಆದರೆ ಮಿತಿ ಮೀರಿದರೆ ಲೇಪ ಚಕ್ಕೆಚಕ್ಕೆಯಾಗಿ ಕಿತ್ತುಬರುತ್ತದೆ. ದಪ್ಪ ಮಾಡಿದರೆ ಬಿರುಕು, ತೆಳು ಮಾಡಿದರೆ ಮೂಳೆ ಬರುವ ಮೊದಲೇ ಮಾಯ. ಅದಕ್ಕೇ 50ರಿಂದ 150 ಮೈಕ್ರಾನ್‌ಗಳ ನಡುವೆ ಹಿಡಿದಿಡುತ್ತಾರೆ. ಲೇಪವನ್ನು ಲೋಹದಿಂದ ಎಳೆದರೆ ಕನಿಷ್ಠ 15 ಮೆಗಾಪ್ಯಾಸ್ಕಲ್ (ಚದರ ಮಿಲಿಮೀಟರಿಗೆ 15 ನ್ಯೂಟನ್) ಬಲವನ್ನು ತಾಳಬೇಕೆಂದು ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ.

ಲೇಪವಿದ್ದರೆ ಕೀಲು ಹೆಚ್ಚು ಬಾಳುತ್ತದೆಯೇ? ಸ್ವೀಡನ್ನಿನ ರಾಷ್ಟ್ರೀಯ ಕೀಲು ದಾಖಲೆಯನ್ನು ಆಧರಿಸಿ 2010ರಲ್ಲಿ ಬಂದ ವಿಶ್ಲೇಷಣೆಯಲ್ಲಿ, ಹೈಡ್ರಾಕ್ಸಿಅಪಟೈಟ್ ಲೇಪಿಸಿದ ಸೊಂಟದ ಬಟ್ಟಲುಗಳೇ (ಕೃತಕ ಕೀಲಿನ ಗುಂಡು ಕೂರುವ ಭಾಗ) ಲೇಪವಿಲ್ಲದವಕ್ಕಿಂತ ಹೆಚ್ಚಾಗಿ ಸಡಿಲಗೊಂಡು ಮರುಶಸ್ತ್ರಚಿಕಿತ್ಸೆಗೆ ಬಂದಿದ್ದವು. ಪ್ರಾಣಿಗಳಲ್ಲಿ ಕೆಲವು ವಾರ ನಡೆಸಿದ ಪ್ರಯೋಗಗಳನ್ನಷ್ಟೇ ನಂಬಿ ಲೇಪವನ್ನು ಹೊಗಳುವುದು ರೋಗಿಗೆ ಮಾಡುವ ಅನ್ಯಾಯ ಎಂದು ನಾನು ದೃಢವಾಗಿ ಭಾವಿಸುತ್ತೇನೆ.

ಲೇಪ ಲೋಹದಿಂದ ಕಿತ್ತುಬರಬಾರದೆಂಬ ದೃಷ್ಟಿಯಿಂದ ನನಗೆ ಅತ್ಯಂತ ಪ್ರಿಯವಾದದ್ದು ಜಪಾನಿನ ವಿಜ್ಞಾನಿ ತಡಾಶಿ ಕೊಕುಬೊ ಅವರ ದಾರಿ. ಅವರು ಹೊರಗಿನಿಂದ ಏನನ್ನೂ ಬಳಿಯಲಿಲ್ಲ. ಟೈಟಾನಿಯಂ ಅನ್ನು 60 ಡಿಗ್ರಿಯ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಒಂದು ದಿನ ನೆನೆಸಿ, 600 ಡಿಗ್ರಿಯಲ್ಲಿ ಕಾಯಿಸಿದರು. ಮೇಲ್ಮೈಯ ಒಂದು ಮೈಕ್ರಾನ್‌ನಷ್ಟು ಲೋಹವೇ ಸೋಡಿಯಂ ಟೈಟನೇಟ್ ಆಗುತ್ತದೆ. ದೇಹದೊಳಗೆ ಅದು ಸೋಡಿಯಂ ಬಿಟ್ಟುಕೊಟ್ಟು ಕ್ಯಾಲ್ಸಿಯಂ ಅನ್ನೂ ಫಾಸ್ಫೇಟನ್ನೂ ಸೆಳೆಯುತ್ತದೆ. ಮೂಳೆಯಂಥ ಖನಿಜ ಅಲ್ಲೇ ಹುಟ್ಟುತ್ತದೆ. ಆ ಪದರ ಲೋಹದೊಳಗೆ ಹಂತಹಂತವಾಗಿ ಬೆರೆತಿರುವುದರಿಂದ ಕಿತ್ತುಬರುವಂಥ ಸ್ಪಷ್ಟ ಗಡಿಯೇ ಇಲ್ಲ. ಲೋಹದ ಮೇಲ್ಮೈಯಲ್ಲಿ ಸಣ್ಣ ರಂಧ್ರಗಳಿದ್ದರೆ ಅವುಗಳ ಒಳಗೋಡೆಗೂ ದ್ರಾವಣ ತಲುಪುತ್ತದೆ, ಜ್ವಾಲೆಯ ಎರಚಲು ಅಲ್ಲಿಗೆ ಹೋಗಲಾರದು. ಹೀಗೆ ಸಂಸ್ಕರಿಸಿದ ಸೊಂಟದ ಕೀಲಿಗೆ ಜಪಾನಿನಲ್ಲಿ 2007ರಲ್ಲಿ ಅನುಮತಿ ಸಿಕ್ಕಿತು.