ತಪ್ಪಿಸಿಕೊಂಡು ಹೋಗೋದು ಎಲ್ಲಿಗೆ?

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಫ್ಯಾನಿನ ಸದ್ದು ಸ್ವಲ್ಪ ಜಾಸ್ತಿ ಇದೆ. ಆದರೆ ಕೊಪ್ಪಳದ ಈ ಬಿಸಿಲಲ್ಲಿ ಫ್ಯಾನ್ ಬಂದ್ ಮಾಡಿ ಅಂತ ಯಾರು ಹೇಳ್ತಾರೆ? ನಾನೇ ಜೋರಾಗಿ ಮಾತಾಡ್ತೀನಿ.

ಈ ಕಮ್ಮಟಕ್ಕೆ ನೀವು ಕಳಿಸಿದ ಕಾಲಯಾನದ ಕಥೆಗಳನ್ನೆಲ್ಲ ಓದಿದೆ. ರಾಯಚೂರು, ಬಳ್ಳಾರಿ, ಕೊಪ್ಪಳದ ಹುಡುಗರು ಹುಡುಗಿಯರು ಇಂಥ ಕಥೆ ಬರೀತಾ ಇದ್ದಾರೆ ಅನ್ನೋದೇ ದೊಡ್ಡ ಖುಷಿ. ಆದರೆ ಒಂದು ವಿಷಯ ಮನಸ್ಸಿಗೆ ಚುಚ್ಚಿತು, ಅದನ್ನು ಇವತ್ತು ಹೇಳಲೇಬೇಕು. ಹೆಚ್ಚುಕಡಿಮೆ ಎಲ್ಲ ಕಥೆಗಳಲ್ಲೂ ಕೊನೆಗೆ ಒಂದು ಗಳಿಗೆ ಬರುತ್ತದೆ. ಒಂದು ಕಡೆ ಯಂತ್ರ ತಯಾರಿದೆ, ಗುಂಡಿ ಒತ್ತಿದರೆ ತನ್ನ ಕಾಲಕ್ಕೆ ವಾಪಸ್. ಇನ್ನೊಂದು ಕಡೆ ಒಂದು ಗುಟ್ಟು ಕೈಗೆ ಸಿಕ್ಕಿದೆ, ಬಯಲು ಮಾಡಿದರೆ ಜೀವಕ್ಕೇ ಕುತ್ತು. ನಿಮ್ಮ ನಾಯಕರು ಏನು ಮಾಡಿದರು? ಗುಂಡಿ ಒತ್ತಿದರು! ಬದುಕಿದೆಯಾ ಬಡಜೀವವೇ ಅಂತ ಮನೆಗೆ ಬಂದುಬಿಟ್ಟರು. ಕಥೆ ಮುಗಿಯಿತು.

ನನ್ನ ಪ್ರಶ್ನೆ ಒಂದೇ. ತಪ್ಪಿಸಿಕೊಂಡು ಹೋಗೋದು ಎಲ್ಲಿಗೆ?

ಸಿಂಧನೂರಿನಿಂದ ಬಂದ ತಂಗಿಯೊಬ್ಬಳ ಕಥೆ ತಗೊಳ್ಳೋಣ. ಬಹಳ ಚೆನ್ನಾಗಿ ಬರೆದಿದ್ದಾಳೆ. ಅಕ್ಕ ತಮ್ಮ ಇಬ್ಬರು 1565ರ ಜನವರಿಯಲ್ಲಿ, ತಾಳಿಕೋಟೆ ಯುದ್ಧದ ಹೊತ್ತಿಗೆ, ಆನೆಗೊಂದಿಯ ಹೊಳೆ ದಂಡೆಗೆ ಬಂದಿಳಿಯುತ್ತಾರೆ. ಹರಿಗೋಲಿನವನು ಇವರ ಪ್ಯಾಂಟು ನೋಡಿ ನಗುತ್ತಾನೆ. ಆ ಸಾಲು ಓದಿ ನಾನೂ ನಕ್ಕೆ. ಆಮೇಲೆ ವಿಜಯನಗರದ ದಂಡಿನ ಬಿಡಾರದಲ್ಲಿ ಇಬ್ಬರು ಸರದಾರರು ಯುದ್ಧದ ನಡುವೆ ಕೈಕೊಡೋ ಮಾತಾಡೋದು ಇವರ ಕಿವಿಗೆ ಬೀಳುತ್ತದೆ. ಆ ಸರದಾರರ ವಿಷಯದಲ್ಲಿ ಇತಿಹಾಸಕಾರರು ಒಮ್ಮತಕ್ಕೆ ಬಂದಿಲ್ಲ, ಅದು ಬೇರೆ ಮಾತು. ಕಥೆಗೆ ಅಷ್ಟು ಸಾಕು. ತಮ್ಮ ಹೇಳ್ತಾನೆ, ಅಕ್ಕಾ, ರಾಮರಾಯನಿಗೆ ಹೇಳೋಣ. ಅಕ್ಕ ಹೇಳ್ತಾಳೆ, ಹುಚ್ಚಾ, ತಲೆ ಹಾರಿಸ್ತಾರೆ, ನಡಿ ಮನೆಗೆ. ಗುಂಡಿ ಒತ್ತುತ್ತಾರೆ.

ಈಗ ನೋಡ್ರಿ. ಅವರು ವಾಪಸ್ ಬಂದಿಳಿದದ್ದು ಎಲ್ಲಿ? ಅದೇ ಆನೆಗೊಂದಿಗೆ. ಎದುರು ದಂಡೆಯಲ್ಲಿ ಏನು ಕಾಣುತ್ತದೆ? ಹಾಳು ಹಂಪಿ! ಯಾವ ಗುಟ್ಟಿನಿಂದ ತಪ್ಪಿಸಿಕೊಂಡರೋ ಆ ಗುಟ್ಟಿನ ಫಲದೊಳಗೇ ಬಂದು ನಿಂತಿದ್ದಾರೆ. ತಂಗಿ, ನೀನು ಆ ಸಾಲನ್ನು ಬರೆದೇ ಇಲ್ಲ. ಮನೆಗೆ ಬಂದರು, ಅಮ್ಮ ರೊಟ್ಟಿ ಕೊಟ್ಟಳು ಅಂತ ಮುಗಿಸಿದ್ದೀಯ. ಹೊಳೆಯ ಆಚೆ ಒಮ್ಮೆ ಕಣ್ಣೆತ್ತಿ ನೋಡಿಸಿದ್ದರೆ ಕಥೆಯೇ ಬೇರೆ ಆಗ್ತಿತ್ತು.

ಬೇರೆ ಥರದ ಕಥೆಗಳಲ್ಲಿ ಹೀಗಾಗಲ್ಲ. ಕಳ್ಳರ ಗುಹೆಯಿಂದ ಓಡಿಬಂದವನಿಗೆ ಗುಹೆ ಹಿಂದೆ ಉಳಿಯುತ್ತದೆ. ಊರು ಬಿಟ್ಟು ಹೋದವನಿಗೆ ಊರು ಹಿಂದೆ ಉಳಿಯುತ್ತದೆ. ತಾಳಿಕೋಟೆಯ ಸೋಲಿನ ಮೇಲೆ ರಾಮರಾಯನ ತಮ್ಮ ತಿರುಮಲರಾಯ ದೊರೆ ಸದಾಶಿವರಾಯನನ್ನು ಕರಕೊಂಡು, ಆನೆಗಳ ಮೇಲೆ ಖಜಾನೆ ಹೇರಿಸಿಕೊಂಡು ಪೆನುಕೊಂಡೆಗೆ ಹೋದ. ಅವನಿಗೆ ಹೋಗೋಕೆ ಒಂದು ಪೆನುಕೊಂಡೆ ಇತ್ತು. ಕಾಲಯಾತ್ರಿಗೆ ಅದಿಲ್ಲ. ಹಿಂದಿನ ಕಾಲದಿಂದ ಅವನು ಓಡಿಹೋಗೋದು ಮುಂದಕ್ಕೆ ತಾನೇ? ಗುಟ್ಟೂ ಮುಂದಕ್ಕೇ ಹರಿಯುತ್ತದೆ. ಅವನಿಗಿಂತ ಮೊದಲೇ ಹೋಗಿ ಅವನ ಮನೆ ಬಾಗಿಲಲ್ಲಿ ಕೂತಿರುತ್ತದೆ.

ಇದನ್ನು ಇವತ್ತು ಇನ್ನೂ ಎರಡು ಮೂರು ಸಲ ಹೇಳ್ತೀನಿ, ಬೇಸರ ಮಾಡ್ಕೋಬೇಡಿ.

ವಿಜ್ಞಾನದ ಮಾತು ಸ್ವಲ್ಪ ಆಗಲಿ. ಮುಂದಕ್ಕೆ ಹೋಗೋದರಲ್ಲಿ ಅನುಮಾನವೇ ಇಲ್ಲ. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಅನ್ನೋ ಇಬ್ಬರು ಪರಮಾಣು ಗಡಿಯಾರಗಳನ್ನು ಮಾಮೂಲಿ ವಿಮಾನಗಳಲ್ಲಿ ಇಟ್ಟುಕೊಂಡು ಭೂಮಿ ಸುತ್ತಿಬಂದರು. ನೆಲದ ಮೇಲಿನ ಗಡಿಯಾರಕ್ಕೂ ಅವಕ್ಕೂ ನ್ಯಾನೊಸೆಕೆಂಡುಗಳ ವ್ಯತ್ಯಾಸ ಬಂತು, ಐನ್‌ಸ್ಟೈನ್ ಹೇಳಿದ ಲೆಕ್ಕಕ್ಕೆ ಹೊಂದಿಕೊಂಡು ಬಂತು. ಅಂದರೆ ಕಾಲ ಎಲ್ಲರಿಗೂ ಒಂದೇ ವೇಗದಲ್ಲಿ ಓಡಲ್ಲ, ಯಾರಿಗೆ ನಿಧಾನ ಓಡುತ್ತದೋ ಅವರು ಉಳಿದವರ ಮುಂದಿನ ಕಾಲಕ್ಕೆ ಬಂದಿಳೀತಾರೆ. ನಿಮ್ಮ ಜೇಬಿನ ಫೋನಿಗೆ ದಾರಿ ತೋರಿಸೋ ಜಿಪಿಎಸ್ ಉಪಗ್ರಹಗಳ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಸರಿಮಾಡದಿದ್ದರೆ ಒಂದೇ ದಿನದಲ್ಲಿ ಸುಮಾರು 10 ಕಿಲೋಮೀಟರ್ ತಪ್ಪು ಬರುತ್ತದೆ. ಗಂಗಾವತಿಗೆ ಹೊರಟವರು ಯಾರದೋ ಗದ್ದೆಯಲ್ಲಿ ಇಳೀಬೇಕಾಗ್ತಿತ್ತು. ನಮ್ಮ ಪುರಾಣದ ರೇವತಿ ಕಥೆ ಗೊತ್ತಲ್ವಾ? ಮಗಳಿಗೆ ವರ ಕೇಳೋಕೆ ಅಪ್ಪ ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಸಂಗೀತ ನಡೀತಿತ್ತು, ಮುಗಿಯಲಿ ಅಂತ ಒಂದು ಗಳಿಗೆ ಕಾದ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿತ್ತು, ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ವರರು ಯಾರೂ ಉಳಿದಿರಲಿಲ್ಲ!

ಹಿಂದಕ್ಕೆ ಹೋಗೋದು ಕಷ್ಟ. 1949ರಲ್ಲಿ ಗಣಿತಜ್ಞ ಗೊಡೆಲ್ ಐನ್‌ಸ್ಟೈನನ ಸಮೀಕರಣಗಳಿಗೇ ಒಂದು ಉತ್ತರ ಹುಡುಕಿದ. ಇಡೀ ವಿಶ್ವವೇ ತಿರುಗುತ್ತಿದ್ದರೆ ದಾರಿ ಸುತ್ತಿ ಹಿಂದಿನ ಕಾಲಕ್ಕೆ ಬರಬಹುದು ಅಂತ. ನಮ್ಮ ವಿಶ್ವ ಹಾಗೆ ತಿರುಗೋ ಗುರುತು ಸಿಕ್ಕಿಲ್ಲ. ಸ್ಟೀಫನ್ ಹಾಕಿಂಗ್ 2009ರ ಜೂನ್ 28ರಂದು ಕಾಲಯಾತ್ರಿಗಳಿಗೆ ಅಂತಲೇ ಔತಣ ಇಟ್ಟ. ಆಮಂತ್ರಣವನ್ನು ಔತಣ ಮುಗಿದ ಮೇಲೆ ಹೊರಗೆ ಬಿಟ್ಟ. ಯಾರೂ ಬರಲಿಲ್ಲ. ರಷ್ಯಾದ ಭೌತವಿಜ್ಞಾನಿ ನೋವಿಕೋವ್ ಹೇಳೋದು ಇನ್ನೊಂದು. ಹಿಂದಕ್ಕೆ ಹೋದರೂ ಆಗಿದ್ದನ್ನು ಬದಲಾಯಿಸೋಕೆ ಆಗಲ್ಲ, ನೀನು ಅಲ್ಲಿ ಮಾಡಿದ್ದೆಲ್ಲ ಆಗಲೇ ಇತಿಹಾಸದಲ್ಲಿ ಸೇರಿಹೋಗಿದೆ ಅಂತ.

ಈ ಮಾತು ಕೇಳಿದ ಕೂಡಲೇ ನೀವು ಕೇಳ್ತೀರಿ. ಬದಲಾಯಿಸೋಕೆ ಆಗಲ್ಲ ಅಂದಮೇಲೆ ಗುಟ್ಟು ಬಯಲು ಮಾಡಿ ಏನು ಲಾಭ ಸರ್? ಸುಮ್ನೆ ಮನೆಗೆ ಬರೋದೇ ಜಾಣತನ ಅಲ್ವಾ? ಬೆಳಿಗ್ಗೆ ಚಹಾ ಕುಡೀವಾಗ ಒಬ್ಬ ತಮ್ಮ ಇದನ್ನೇ ಕೇಳಿದ. ಅವನಿಗೆ ಉತ್ತರ ಕೊಡೋಕೆ ನಾನು ಭೋಪಾಲಕ್ಕೆ ಹೋಗಬೇಕು. ಸ್ವಲ್ಪ ಉದ್ದ ಆಗುತ್ತದೆ, ಆಗಲಿ.

1984ರ ಡಿಸೆಂಬರ್ 2, ರಾತ್ರಿ. ನಿಮ್ಮ ಕಾಲಯಾತ್ರಿ ಭೋಪಾಲದ ರೈಲ್ವೆ ಸ್ಟೇಷನ್ನಿನಲ್ಲಿ ನಿಂತಿದ್ದಾನೆ ಅಂದುಕೊಳ್ಳಿ. ಏನಾಗುತ್ತದೆ ಅಂತ ಅವನಿಗೆ ಗೊತ್ತು. ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಟ್ಯಾಂಕಿಗೆ ನೀರು ನುಗ್ಗುತ್ತದೆ, ಸುಮಾರು 40 ಟನ್ ವಿಷಾನಿಲ ಊರಿನ ಮೇಲೆ ಹರಡುತ್ತದೆ. ಸರ್ಕಾರಿ ಲೆಕ್ಕದಲ್ಲೇ 3 ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಜನರ ಲೆಕ್ಕ ಇದಕ್ಕಿಂತ ಎಷ್ಟೋ ದೊಡ್ಡದು. ಅವನ ಕೈಯಲ್ಲಿ ರೈಲು ಟಿಕೆಟ್ ಇದೆ. ಹೋಗ್ತಾನಾ? ಹೇಳ್ತಾನಾ? ಹೇಳಿದರೆ ಯಾರು ನಂಬ್ತಾರೆ?

ಕಾಲಯಾತ್ರಿ ಬರೋ ಮೊದಲೇ ಒಬ್ಬ ಅದನ್ನು ಹೇಳಿ ಆಗಿತ್ತು. ರಾಜಕುಮಾರ್ ಕೇಸ್ವಾನಿ, ಭೋಪಾಲದ ಪತ್ರಕರ್ತ. 1981ರ ಡಿಸೆಂಬರಿನಲ್ಲಿ ಆ ಕಾರ್ಖಾನೆಯ ಕೆಲಸಗಾರ ಅಶ್ರಫ್ ವಿಷಾನಿಲ ತಗುಲಿ ಸತ್ತ. ಕೇಸ್ವಾನಿಗೆ ಅವನು ಪರಿಚಯದವನು. ಅಲ್ಲಿಂದ ಇವರು ಕೆದಕೋಕೆ ಶುರು ಮಾಡಿದರು. ಕೆಲಸಗಾರರನ್ನು ಮಾತಾಡಿಸಿದರು, ಕಂಪನಿಯ ಒಳಗಿನ ಸುರಕ್ಷತೆ ತಪಾಸಣೆಯ ವರದಿ ದೊರಕಿಸಿಕೊಂಡರು. ರಪಟ್ ಅನ್ನೋ ತಮ್ಮ ಚಿಕ್ಕ ವಾರಪತ್ರಿಕೆಯಲ್ಲಿ 1982ರಲ್ಲಿ ಬರೆದರು. ಈ ಊರು ಉಳಿಸಿ ಅಂತ ಬೇಡಿಕೊಂಡರು. 1984ರ ಜೂನಿನಲ್ಲಿ ಜನಸತ್ತಾ ಪತ್ರಿಕೆಯಲ್ಲಿ ಮತ್ತೆ ಬರೆದರು. ಅವರ ಹತ್ತಿರ ಕಾಲಯಂತ್ರ ಇರಲಿಲ್ಲ. ಕಾಗದ ಪತ್ರ ಓದೋ ತಾಳ್ಮೆ ಇತ್ತು, ಅಷ್ಟೇ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗಬಾರದ್ದು ಆಯಿತು.

ಹಾಗಾದರೆ ಬರೆದದ್ದು ವ್ಯರ್ಥವಾಯಿತಾ? ನನಗೆ ಹಾಗನ್ನಿಸೋದೇ ಇಲ್ಲ. ಅನಿಲ ಸೋರಿದ ಮಾರನೇ ದಿನ ಅದಕ್ಕೆ ಕಾರಣರಾದವರು ಏನು ಹೇಳಬಹುದಿತ್ತು? ನಮಗೆ ಗೊತ್ತೇ ಇರಲಿಲ್ಲ ಅಂತ. ಆ ಒಂದು ಮಾತನ್ನು ಕಾರಣರಾದವರ ಬಾಯಿಂದ ಕೇಸ್ವಾನಿ ಎರಡು ವರ್ಷ ಮೊದಲೇ ಕಿತ್ತುಕೊಂಡಿದ್ದರು. ನೋವಿಕೋವ್ ಹೇಳಿದ್ದು ನಿಜವೇ ಇರಲಿ, ಘಟನೆ ಬದಲಾಗೋದಿಲ್ಲ ಅಂತಲೇ ಇಟ್ಟುಕೊಳ್ಳೋಣ. ಘಟನೆ ಆದಮೇಲೆ ಸುಳ್ಳು ಹೇಳೋಕೆ ಜಾಗ ಇರುತ್ತದೋ ಇಲ್ಲವೋ ಅನ್ನೋದು ಅವತ್ತು ಅಲ್ಲಿ ನಿಂತವನ ಕೈಯಲ್ಲಿದೆ. ಚಹಾ ಹೊತ್ತಿನ ತಮ್ಮನಿಗೆ ನನ್ನ ಉತ್ತರ ಇದು.

ಅದೇ ಸ್ಟೇಷನ್ನಿನ ಇನ್ನೊಬ್ಬರನ್ನು ಬಿಟ್ಟು ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ. ಗುಲಾಂ ದಸ್ತಗೀರ್, ಅವತ್ತು ಡ್ಯೂಟಿಯಲ್ಲಿದ್ದ ಡೆಪ್ಯುಟಿ ಸ್ಟೇಷನ್ ಸೂಪರಿಂಟೆಂಡೆಂಟ್. ಹೊರಗೆ ಬಂದರೆ ಕಣ್ಣುರಿ, ಗಂಟಲುರಿ. ಪ್ಲಾಟ್‌ಫಾರ್ಮಿನಲ್ಲಿ ಗೋರಖ್‌ಪುರ ಕಾನ್ಪುರ ಎಕ್ಸ್‌ಪ್ರೆಸ್ ನಿಂತಿದೆ, ತುಂಬ ಜನ. ಗಾಡಿ ಬಿಡೋಕೆ ಇನ್ನೂ ಹೊತ್ತಿದೆ. ಮೇಲಿನವರ ಅಪ್ಪಣೆಗೆ ಕಾಯದೆ, ಜವಾಬ್ದಾರಿ ತನ್ನದು ಅಂತ ಹೇಳಿ ಗಾಡಿಯನ್ನು ವೇಳೆಗೆ ಮೊದಲೇ ಬಿಡಿಸಿದರು. ಈ ಕಡೆಗೆ ಬರೋ ಗಾಡಿಗಳನ್ನು ತಡೀರಿ ಅಂತ ಅಕ್ಕಪಕ್ಕದ ಸ್ಟೇಷನ್ನುಗಳಿಗೆ ಸುದ್ದಿ ಕಳಿಸಿದರು. ಆ ಗಾಡಿಯ ಕೊನೆಯ ಡಬ್ಬಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹತ್ತಿದ್ದರೆ ಅವರೂ ಹೋಗಬಹುದಿತ್ತು. ಹತ್ತಲಿಲ್ಲ. ಆ ಗಾಳಿ ಕುಡಿದು ಅಲ್ಲೇ ನಿಂತರು, ಅದರಿಂದ ಬಂದ ಕಾಯಿಲೆಯನ್ನು ಕೊನೆಯವರೆಗೂ ಅನುಭವಿಸಿದರು. ಒಬ್ಬ ನಿಂತ, ಒಂದು ಗಾಡಿ ಜನ ತಪ್ಪಿಸಿಕೊಂಡರು. ತಪ್ಪಿಸಿಕೊಳ್ಳೋದು ತಪ್ಪು ಅಂತ ನಾನು ಹೇಳ್ತಾ ಇಲ್ಲ ಅನ್ನೋದು ಈಗ ಗೊತ್ತಾಯಿತಲ್ಲ? ಗಾಡಿಯಲ್ಲಿದ್ದ ಜನರಿಗೆ ಏನೂ ಗೊತ್ತಿರಲಿಲ್ಲ, ಅವರು ಹೋಗಲೇಬೇಕಿತ್ತು. ನಿಮ್ಮ ನಾಯಕನಿಗೆ ಗೊತ್ತಿದೆ. ಗೊತ್ತಿದ್ದವನು ಹೋಗೋದು ಎಲ್ಲಿಗೆ?

ಗುಟ್ಟಿನ ಬಗ್ಗೆಯೂ ಒಂದು ಮಾತು. ನಿಮ್ಮ ಕಥೆಗಳಲ್ಲಿ ಗುಟ್ಟು ಯಾವಾಗಲೂ ನೆಲಮಾಳಿಗೆಯಲ್ಲಿ, ಕೆಂಪು ದೀಪದ ಕೋಣೆಯಲ್ಲಿ, ಒಬ್ಬನೇ ಖಳನ ಕೈಯಲ್ಲಿ ಇರುತ್ತದೆ. ಬಳ್ಳಾರಿಯಿಂದ ಬಂದವರೇ, ನೀವೂ ಹಾಗೇ ಬರೆದಿದ್ದೀರಲ್ಲ! 2011ರ ಜುಲೈ ತಿಂಗಳು ನಿಮಗೆ ನಾನು ಬಿಡಿಸಿ ಹೇಳಬೇಕಾ? ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ, ಅದರ ಬೆನ್ನಿಗೇ ನಿಮ್ಮ ಜಿಲ್ಲೆಯಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ್ದು. ಆ ಗುಟ್ಟು ಯಾವ ಗುಹೆಯಲ್ಲಿತ್ತು? ಪರ್ಮಿಟ್ ನಂಬರಿನಲ್ಲಿತ್ತು, ತೂಕದ ಚೀಟಿಯಲ್ಲಿತ್ತು. ಬೇಲೇಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಲಕ್ಷಾಂತರ ಟನ್ ಅದಿರು ಮಾಯವಾದಾಗ ಅದನ್ನು ಕಂಡವರು ಎಷ್ಟು ಜನ ಇರಬೇಕು, ಯೋಚಿಸಿ. ಲಾರಿ ಡ್ರೈವರಿಗೆ ಒಂದು ಚೂರು ಗೊತ್ತು, ಗುಮಾಸ್ತನಿಗೆ ಒಂದು ಚೂರು, ಚಹಾ ಅಂಗಡಿಯವನಿಗೆ ಒಂದು ಚೂರು. ಅಪಾಯದ ಗುಟ್ಟು ಅಂದರೆ ಬಹಳ ಸಲ ಹೀಗೇ. ಎಲ್ಲರಿಗೂ ಅರ್ಧರ್ಧ ಗೊತ್ತಿರುತ್ತದೆ, ಯಾರೂ ಕೂಡಿಸಿ ಹೇಳಿರಲ್ಲ. ಕೂಡಿಸಿದವನಿಗೇ ಅಪಾಯ. ನಿಮ್ಮ ಕಾಲಯಾತ್ರಿಗೆ ಈ ಕೆಲಸ ಕೊಡಿ. ಕತ್ತಿ ಬೇಡ, ಒಂದು ನೋಟ್‌ಬುಕ್ ಕೊಡಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಹತ್ತು ನಿಮಿಷ ಅಂತ. ಇನ್ನೂ ಬಹಳ ಇತ್ತು. ಅವಳಿ ಮಕ್ಕಳ ಒಗಟು, ಅಜ್ಜನನ್ನು ಕೊಂದ ಮೊಮ್ಮಗನ ಒಗಟು, ಅವನ್ನೆಲ್ಲ ಬಿಡ್ತೀನಿ.

ಮಸ್ಕಿ ಒಂದನ್ನು ಹೇಳಿಬಿಡ್ತೀನಿ. ಯಂತ್ರ ಕೆಟ್ಟುಹೋಗಿ ಹಿಂದಿನ ಕಾಲದಲ್ಲೇ ಸಿಕ್ಕಿಹಾಕಿಕೊಂಡವರ ಕಥೆಗಳು ಕೆಲವು ಇದ್ದವು. ಅವರೆಲ್ಲ ಹಣೆಬರಹ ಅಂತ ಅಳ್ತಾ ಕೂತಿದ್ದಾರೆ. ಅಳಬೇಡಿ ಅಂತ ಹೇಳಿ ಅವರಿಗೆ! 1915ರಲ್ಲಿ ಬೀಡನ್ ಅನ್ನೋ ಗಣಿ ಎಂಜಿನಿಯರ್ ಚಿನ್ನ ಹುಡುಕಿಕೊಂಡು ನಮ್ಮ ರಾಯಚೂರು ಸೀಮೆಯಲ್ಲಿ ತಿರುಗ್ತಿದ್ದ. ಮಸ್ಕಿಯ ಬಂಡೆಯ ಮೇಲೆ ಅಕ್ಷರ ಕಂಡ. ದೇವಾನಂಪ್ರಿಯ, ಪ್ರಿಯದರ್ಶಿ ಅಂತ ಬೇರೆ ಕಡೆ ಸಿಕ್ಕ ಶಾಸನಗಳ ರಾಜ ಅಶೋಕನೇ ಅಂತ ವಿದ್ವಾಂಸರು ಊಹೆ ಮಾಡಿದ್ದರು. ಇಲ್ಲಿ ಅಶೋಕನ ಹೆಸರೇ ಕೊರೆದಿತ್ತು. ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಆ ಸುದ್ದಿ ಬಿಸಿಲಲ್ಲಿ ಕೂತು ಕಾದಿತ್ತು. ಇಲ್ಲೇ ಪಾಲ್ಕಿಗುಂಡಿನ ಮೇಲೆ, ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನ ಇದೆ. ಇಂದು ಸಂಜೆ ಹೋಗಿ ನೋಡಿ. ವಾಪಸ್ ಬರೋಕೆ ಆಗದ ಕಾಲಯಾತ್ರಿಗೆ ಇಂಥ ಸೀಮೆಗಿಂತ ಒಳ್ಳೆ ಜಾಗ ಯಾವುದು? ಕಲ್ಲಿಗೇನು ಬರ ಇದೆಯಾ ನಮಗೆ? ಅವನು ಮುಂದಕ್ಕೆ ಬರೋದು ಬೇಡ, ಅವನು ಕಂಡದ್ದು ಬಂದರೆ ಸಾಕು.

ಊಟ ಆದಮೇಲೆ ಬರೆಯೋದು ಏನು ಅಂತ ಹೇಳಿ ಮುಗಿಸ್ತೀನಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಡ್ಯಾಮ್ ತುಂಬಿತ್ತು, ನಾಟಿ ಮಾಡಿದವರ ಎದೆ ಒಡೆದುಹೋಯಿತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರು ಬಂದು, ಹರಿಯೋ ನೀರಿನಲ್ಲೇ ನೀರು ತಡೆಯೋ ಉಕ್ಕಿನ ಅಡ್ಡ ಹಲಗೆ, ಅಂದರೆ ಸ್ಟಾಪ್‌ಲಾಗ್ ಇಳಿಸಿದ್ದನ್ನು ಇಡೀ ಸೀಮೆ ಉಸಿರು ಬಿಗಿಹಿಡಿದು ನೋಡಿತು. ಇಲ್ಲಿ ಕೂತ ಅರ್ಧ ಜನರ ಮನೆಯ ಭತ್ತ ಆ ನೀರಿನದೇ.

ನಿಮ್ಮ ಕಾಲಯಾತ್ರಿ ಆ ವರ್ಷದ ಜುಲೈ ತಿಂಗಳಲ್ಲಿ ಡ್ಯಾಮಿನ ಪಕ್ಕದ ಮುನಿರಾಬಾದಿನಲ್ಲಿ ಬಸ್ಸಿಳಿಯುತ್ತಾನೆ. ಒಟ್ಟು 33 ಗೇಟು, ಅದರಲ್ಲಿ ಯಾವುದು ಹೋಗುತ್ತದೆ ಅಂತ ಅವನಿಗೆ ಗೊತ್ತು. ಮೊದಲು ಯಾರಿಗೆ ಹೇಳ್ತಾನೆ? ಕಚೇರಿಗೆ ಹೋದರೆ ಎದುರಿನವರು ಕೇಳೋ ಮೊದಲ ಪ್ರಶ್ನೆ, ನಿನಗೆ ಹೆಂಗ ಗೊತ್ತು ಅಂತಲೇ. ಅದಕ್ಕೆ ಅವನ ಉತ್ತರ ಏನು? ಪೊಲೀಸರಿಗೆ ಹಿಡಿದುಕೊಟ್ಟರೆ? ಕಾಲುವೆ ಕೊನೆಯ ರೈತನಿಗೆ ಹೇಳಿದರೆ ಅವನು ನಂಬ್ತಾನಾ, ಇಲ್ಲ, ಮೊದಲು ಊಟ ಮಾಡಪ್ಪ ಅಂತಾನಾ? ಸುಳ್ಳು ಸುದ್ದಿ ಹಬ್ಬಿಸಿ ಜನರನ್ನು ಹೆದರಿಸ್ತಾ ಇದ್ದಾನೆ ಅನ್ನೋ ಮಾತು ಬಂದರೆ ಹೇಗೆ ಎದುರಿಸ್ತಾನೆ? ಯಂತ್ರ ಜೇಬಿನಲ್ಲೇ ಇದೆ, ಯಾವಾಗ ಬೇಕಾದರೂ ಗುಂಡಿ ಒತ್ತಬಹುದು. ಗುಂಡಿ ಒತ್ತಿಸುವ ಹಾಗಿದ್ದರೆ, ಬಂದಿಳಿದ ಊರಿನಲ್ಲಿ ಅವನ ಅಪ್ಪನ ಗದ್ದೆ ಹೇಗಿದೆ ಅಂತ ಒಂದು ಪುಟ ಬರೆಯಲೇಬೇಕು. ಅದನ್ನು ಬಿಟ್ಟರೆ ನಾನು ಕಥೆ ವಾಪಸ್ ಕೊಡ್ತೀನಿ.

ಸಂವಾದ ಇಲ್ಲಿನ ಮಾತಿನಲ್ಲೇ ಇರಲಿ, ಪುಸ್ತಕದ ಭಾಷೆ ಬೇಡ. ಸಿಂಧನೂರಿನ ತಂಗಿ, ನೀನು ಮಾತ್ರ ಹೊಸದು ಬರೀಬೇಡ, ನಿನ್ನ ಕಥೆಯ ಕೊನೆಯ ಎರಡು ಪುಟ ತಿದ್ದು, ಮೂರು ಗಂಟೆಗೆ ಎಲ್ಲರಿಗಿಂತ ಮೊದಲು ನಿನ್ನದನ್ನೇ ಓದೋಣ. ಈಗ ಊಟ.