ಘಾನಾದಲ್ಲಿ ಕರೆಂಟ್ ಹೋಗಿತ್ತು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಹೆಚ್ಚಿನವರು ಕಾರ್ಖಾನೆ, ಗೋದಾಮು, ಸಾಗಣೆ ನಡೆಸುವವರು. ಕರೆಂಟ್ ಹೋದರೆ ನಿಮಗೆ ಎಷ್ಟು ನಷ್ಟ ಅಂತ ನನಗೆ ಗೊತ್ತು. ಆದರೆ ಇವತ್ತು ಕರೆಂಟ್ ಹೋಗಿದ್ದರಿಂದಲೇ ಉಳಿದುಕೊಂಡ ಒಂದು ಕಂಪನಿಯ ವಿಷಯದಿಂದ ಶುರು ಮಾಡುತ್ತೇನೆ.

ಡೆನ್ಮಾರ್ಕಿನ ಮೇರ್ಸ್ಕ್ ಕಂಪನಿಯ ಕಂಟೈನರ್‌ಗಳನ್ನು ನೀವೆಲ್ಲ ಹೆದ್ದಾರಿಯಲ್ಲಿ ನೋಡಿರುತ್ತೀರಿ. ಏಳು ಮೂಲೆಯ ಬಿಳಿ ನಕ್ಷತ್ರದ ಗುರುತು. 2017ರ ಜೂನ್ 27ರಂದು ಕೋಪನ್‌ಹೇಗನ್‌ನ ಅವರ ಮುಖ್ಯ ಕಚೇರಿಯಲ್ಲಿ ಕಂಪ್ಯೂಟರ್ ಪರದೆಗಳು ಒಂದರ ಹಿಂದೆ ಒಂದು ಕಪ್ಪಾದವು. ಜನ ಕೋಣೆಯಿಂದ ಕೋಣೆಗೆ ಓಡಿ "ಆಫ್ ಮಾಡಿ, ವೈರ್ ಕೀಳಿ" ಎಂದು ಕೂಗಿದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ನ್ಯೂಜೆರ್ಸಿಯ ಬಂದರಿನ ಗೇಟಿನ ಮುಂದೆ ಲಾರಿಗಳು ಸಾಲುಗಟ್ಟಿ ನಿಂತವು. ನಮ್ಮ ಮುಂಬೈ ಪಕ್ಕದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅದೇ ಸಮೂಹದವರು ನಡೆಸುವ ಟರ್ಮಿನಲ್‌ನ ಕೆಲಸವೂ ನಿಂತಿತು.

ಈ ಹೊಡೆತ ಮೇರ್ಸ್ಕ್‌ಗೆ ಅಂತ ಬಂದದ್ದೇ ಅಲ್ಲ. ನಮ್ಮಲ್ಲಿ ಟ್ಯಾಲಿ ಇರುವ ಹಾಗೆ ಉಕ್ರೇನಿನಲ್ಲಿ ಲೆಕ್ಕ, ತೆರಿಗೆಗೆ ಎಂ.ಇ.ಡಾಕ್ ಎಂಬ ಸಾಫ್ಟ್‌ವೇರ್ ಬಳಸುತ್ತಿದ್ದರು. ದಾಳಿಕೋರರು ಅದರ ಅಪ್‌ಡೇಟ್ ಸರ್ವರ್ ಒಳಗೇ ಹೊಕ್ಕು, ಆ ದಾರಿಯಲ್ಲಿ ನಾಟ್‌ಪೆಟ್ಯಾ ಎಂಬ ವೈರಸ್ ಹರಿಯಬಿಟ್ಟರು. 2020ರಲ್ಲಿ ಅಮೆರಿಕ ಈ ಕೃತ್ಯಕ್ಕಾಗಿ ರಷ್ಯಾದ ಸೇನಾ ಗುಪ್ತಚರ ಇಲಾಖೆಯ 6 ಅಧಿಕಾರಿಗಳ ಮೇಲೆ ಆರೋಪ ಹೊರಿಸಿತು. ಗುರಿ ಇದ್ದದ್ದು ಉಕ್ರೇನ್. ಅಲ್ಲಿನ ಒಡೆಸಾ ಊರಿನ ಮೇರ್ಸ್ಕ್ ಕಚೇರಿಯ ಒಂದು ಕಂಪ್ಯೂಟರಿನಲ್ಲಿ ಆ ಲೆಕ್ಕದ ಸಾಫ್ಟ್‌ವೇರ್ ಇತ್ತು. ಅಷ್ಟೇ ಸಾಕಾಯಿತು.

ಈಗ ಯೋಚನೆ ಮಾಡಿ, ಇದನ್ನು ಯಾವ ವಿಭಾಗದ ಫೈಲಿಗೆ ಹಾಕುತ್ತೀರಿ? ಎರಡು ದೇಶಗಳ ಜಗಳ, ಹಾಗಾಗಿ ರಾಜಕೀಯ. ಬಂದದ್ದು ವೈರಸ್, ಹಾಗಾಗಿ ಐಟಿಯವರ ಕೆಲಸ. ನಿಂತದ್ದು ಕ್ರೇನು, ಗೇಟು, ಲಾರಿ. ನಮ್ಮ ಕಂಪನಿಗಳಲ್ಲಿ ಸೆಕ್ಯುರಿಟಿ ಗಾರ್ಡ್‌ಗಳನ್ನು ಎಚ್‌ಆರ್ ನೋಡಿಕೊಳ್ಳುತ್ತದೆ, ಕಂಪ್ಯೂಟರ್ ಐಟಿ ಹುಡುಗರ ಪಾಲು. ಹೊರದೇಶದ ಸುದ್ದಿಯನ್ನು ಮಾಲೀಕರು ಬೆಳಗ್ಗೆ ಪೇಪರಿನಲ್ಲಿ ಓದಿ ಮಡಚಿಡುತ್ತಾರೆ. ಈ ಮೂವರೂ ತಿಂಗಳಿಗೊಮ್ಮೆ ಒಂದೇ ಮೇಜಿನ ಸುತ್ತ ಕೂರುವ ಕಂಪನಿಗಳನ್ನು ನಾನು ನೋಡಿದ್ದು ಬಹಳ ಕಡಿಮೆ. ಕೂರಲೇಬೇಕು. ನಾನು ಇವತ್ತು ಬಂದದ್ದೇ ಇದನ್ನು ಹೇಳಲು.

ದೂರದ ಜಗಳ ಅಂತೀರಾ? 2023ರ ಡಿಸೆಂಬರ್ 23ರಂದು ಗುಜರಾತ್ ಕರಾವಳಿಯಾಚೆ ಕೆಮ್ ಪ್ಲೂಟೊ ಎಂಬ ಟ್ಯಾಂಕರ್ ಹಡಗಿಗೆ ಡ್ರೋನ್ ಬಡಿಯಿತು. ಅದು ಹೊರಟಿದ್ದು ನಮ್ಮ ಮಂಗಳೂರಿಗೆ. ಹಡಗಿನಲ್ಲಿದ್ದವರಲ್ಲಿ ಬಹುತೇಕ ಎಲ್ಲರೂ ಭಾರತೀಯರು. ಅದೇ ಹೊತ್ತಿಗೆ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂತಿ ಬಂಡುಕೋರರ ದಾಳಿಗೆ ಹೆದರಿ ದೊಡ್ಡ ಕಂಪನಿಗಳ ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದ್ದವು. ಯೂರೋಪಿಗೆ ಕಾಫಿ ಕಳಿಸುವವರು ಇಲ್ಲಿದ್ದರೆ ಬಾಡಿಗೆ ಎಷ್ಟು ಏರಿತು ಅಂತ ಅವರೇ ಹೇಳಬಲ್ಲರು.

ಮತ್ತೆ ಮೇರ್ಸ್ಕ್‌ಗೆ ಬರೋಣ. ಕಂಪನಿಯಲ್ಲಿ ಯಾರು ಯಾರು, ಯಾರಿಗೆ ಯಾವ ಕಂಪ್ಯೂಟರ್ ತೆರೆಯಬೇಕು ಎಂದು ಲೆಕ್ಕ ಇಡುವ ಸರ್ವರ್‌ಗೆ ಡೊಮೇನ್ ಕಂಟ್ರೋಲರ್ ಅನ್ನುತ್ತಾರೆ. ಹಾಜರಿ ಪುಸ್ತಕ, ಬೀಗದ ಕೈ ಗೊಂಚಲು ಎರಡೂ ಅದೇ ಅಂದುಕೊಳ್ಳಿ. ಅಂಥವು ಲೋಕದ ತುಂಬ ಸುಮಾರು 150 ಇದ್ದವು. ಒಂದು ಹೋದರೆ ಇನ್ನೊಂದು ಇದೆ ಎಂಬ ಧೈರ್ಯ. ಆದರೆ ಎಲ್ಲವೂ ನೆಟ್‌ವರ್ಕಿನಲ್ಲಿ ಒಂದಕ್ಕೊಂದು ಜೋಡಿಸಿಕೊಂಡೇ ಇದ್ದವು. ಹಾಗಾಗಿ ಹೋದಾಗ ಒಟ್ಟಿಗೇ ಹೋದವು. ಉಳಿದದ್ದು ಒಂದೇ, ಘಾನಾದಲ್ಲಿ. ದಾಳಿಗೆ ಮೊದಲೇ ಅಲ್ಲಿ ಕರೆಂಟ್ ಹೋಗಿ ಆ ಸರ್ವರ್ ನೆಟ್‌ವರ್ಕಿನಿಂದ ಕಳಚಿಕೊಂಡಿತ್ತು. ಅಲ್ಲಿನ ಇಂಟರ್ನೆಟ್ ಎಷ್ಟು ನಿಧಾನ ಅಂದರೆ ಅಷ್ಟು ಮಾಹಿತಿ ಕಳಿಸಲು ದಿನಗಟ್ಟಲೆ ಬೇಕಿತ್ತು. ದುರಸ್ತಿ ಕೆಲಸ ನಡೆಯುತ್ತಿದ್ದದ್ದು ಬ್ರಿಟನ್ನಿನಲ್ಲಿ, ಆದರೆ ಘಾನಾದ ನೌಕರರಿಗೆ ಬ್ರಿಟನ್ ವೀಸಾ ಇರಲಿಲ್ಲ. ಕೊನೆಗೆ ಒಬ್ಬರು ಹಾರ್ಡ್ ಡಿಸ್ಕ್ ಹಿಡಿದು ನೈಜೀರಿಯಾಕ್ಕೆ ಹಾರಿದರು. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಕೈ ಬದಲಾಗಿ ಅದು ಲಂಡನ್ ಮುಟ್ಟಿತು. ಹತ್ತು ದಿನಗಳಲ್ಲಿ 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಕಟ್ಟಿದ್ದಾಗಿ ಕಂಪನಿಯ ಅಧ್ಯಕ್ಷರು ಆಮೇಲೆ ಹೇಳಿದರು. ನಷ್ಟ 25ರಿಂದ 30 ಕೋಟಿ ಡಾಲರ್.

ಇದನ್ನು ಅದೃಷ್ಟ ಅನ್ನಬಹುದು. ನಾನು ಕೇಳುವುದು ಇಷ್ಟೇ: ಆ ಕರೆಂಟ್ ಕಟ್ ಅನ್ನು ನೀವೇ ಏಕೆ ಏರ್ಪಾಡು ಮಾಡಿಕೊಳ್ಳಬಾರದು? ವಾರಕ್ಕೊಮ್ಮೆ ಬ್ಯಾಕಪ್ ತೆಗೆದು, ವೈರ್ ಕಳಚಿ, ಬೇರೆ ಕಟ್ಟಡದ ಬೀರುವಿನಲ್ಲಿಡಿ. ಸುಮ್ನೆ ಇಟ್ಟರೂ ಸಾಲದು. ಮೂರು ತಿಂಗಳಿಗೊಮ್ಮೆ ಅದನ್ನು ತೆರೆದು ಬಿಲ್ಲುಗಳು ಬರುತ್ತವಾ ನೋಡಿ. ಇನ್ಶೂರೆನ್ಸ್ ಇದೆ ಅಂತ ಕೂರಬೇಡಿ. ಇದೇ ವೈರಸ್‌ನಿಂದ ಪೆಟ್ಟು ತಿಂದ ಔಷಧ ಕಂಪನಿ ಮೆರ್ಕ್‌ಗೆ "ಇದು ಯುದ್ಧಕೃತ್ಯ, ನಮ್ಮ ಪಾಲಿಸಿಯಲ್ಲಿ ಬರಲ್ಲ" ಎಂದು ವಿಮೆಯವರು ಹೇಳಿದರು. ನ್ಯೂಜೆರ್ಸಿಯ ಕೋರ್ಟಿನಲ್ಲಿ ಮೆರ್ಕ್ ಗೆದ್ದಿತು ನಿಜ, ಆದರೆ ಅಷ್ಟರಲ್ಲಿ ವರ್ಷಗಳು ಕಳೆದಿದ್ದವು. ನಿಮ್ಮ ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದಿ. ಇನ್ನೊಂದು, 2022ರಿಂದ ನಮ್ಮಲ್ಲಿ ಸೈಬರ್ ದಾಳಿಯಾದರೆ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು. ಆ ಆರು ಗಂಟೆಯಲ್ಲಿ ಫೋನ್ ಮಾಡುವವರು ಯಾರು? ಹೆಸರು ಇವತ್ತೇ ಬರೆದಿಡಿ, ಕಾಗದದ ಮೇಲೆ.

ಅಪಾಯ ಬಂದಾಗ ಕಟ್ಟಡದಿಂದ ಹೊರಬರುವ ತಾಲೀಮಿನ ವಿಷಯಕ್ಕೆ ಬರುತ್ತೇನೆ. ರಿಕ್ ರೆಸ್ಕೋರ್ಲಾ ಎಂಬವರು ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿದ್ದ ಮಾರ್ಗನ್ ಸ್ಟ್ಯಾನ್ಲಿಯ ಭದ್ರತಾ ಮುಖ್ಯಸ್ಥರು. ನೆಲಮಾಳಿಗೆಗೆ ಬಾಂಬ್ ತುಂಬಿದ ಲಾರಿ ನುಗ್ಗಬಹುದು ಎಂದು ಅವರು 1990ರಲ್ಲೇ ಎಚ್ಚರಿಸಿದ್ದರು. ಯಾರೂ ಕಿವಿಗೊಡಲಿಲ್ಲ. 1993ರಲ್ಲಿ ಹಾಗೇ ಆಯಿತು. ಆಮೇಲೆ ಅವರು ಹಟ ಹಿಡಿದು ತಾಲೀಮು ಮಾಡಿಸಿದರು. ಲಕ್ಷಾಂತರ ಡಾಲರ್ ವ್ಯವಹಾರ ಬಿಟ್ಟು ಮೆಟ್ಟಿಲು ಇಳಿಯಬೇಕಲ್ಲ ಎಂದು ದೊಡ್ಡವರಿಗೆ ಸಿಟ್ಟು. 2001ರ ಸೆಪ್ಟೆಂಬರ್ 11ರಂದು ಪಕ್ಕದ ಗೋಪುರ ಉರಿಯುವಾಗ, ಇದ್ದಲ್ಲೇ ಇರಿ ಎಂದು ಧ್ವನಿವರ್ಧಕ ಹೇಳಿತು. ಅವರು ಮೆಗಾಫೋನ್ ಹಿಡಿದು ಎಲ್ಲರನ್ನೂ ಇಳಿಸಿದರು. ಸುಮಾರು 2,700 ಜನರಲ್ಲಿ ಬಹುತೇಕ ಎಲ್ಲರೂ ಬದುಕಿದರು. ಉಳಿದವರನ್ನು ಹುಡುಕಲು ಮತ್ತೆ ಮೇಲೆ ಹತ್ತಿದ ಅವರು ವಾಪಸ್ ಬರಲಿಲ್ಲ. ಈ ಮಾತು ಹೇಳುವಾಗೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಕಾರ್ಖಾನೆಯಲ್ಲಿ ಮೊದಲ ತಾಲೀಮು ಮಾಡಿಸಿದೆ. ಹಿಂದಿನ ಬಾಗಿಲಿಗೆ ಸರಪಳಿ, ಬೀಗ. ಕೀ ವಾಚ್‌ಮನ್ ಜೇಬಿನಲ್ಲಿ, ವಾಚ್‌ಮನ್ ರಜೆ ಹಾಕಿ ಊರಲ್ಲಿ! ಗೋಡೆಗೆ ಅಂಟಿಸಿದ್ದ ಫೋನ್ ಪಟ್ಟಿಯಲ್ಲಿ ಇಬ್ಬರು ಕೆಲಸ ಬಿಟ್ಟವರು. ಮಾಲೀಕರು ಅವತ್ತು ಸಂಜೆಯೇ ಸರಪಳಿ ಕತ್ತರಿಸಿದರು, ತಳ್ಳಿದರೆ ತೆರೆಯುವ ಬಾಗಿಲು ಹಾಕಿಸಿದರು. ಮೂರನೇ ತಾಲೀಮಿನ ದಿನ ನಾನು ಅಂಗಳದಲ್ಲಿ ಗಡಿಯಾರ ಹಿಡಿದು ನಿಂತಿದ್ದೆ. ಪ್ಯಾಕಿಂಗ್ ವಿಭಾಗದ ಹಿರಿಯ ಹೆಂಗಸೊಬ್ಬರು, ಯಾರೂ ಹೇಳದೆಯೇ, ತಮ್ಮವರನ್ನು ಸಾಲಾಗಿ ನಿಲ್ಲಿಸಿ ಬೆರಳು ಮಾಡಿ ಎಣಿಸುತ್ತಿದ್ದರು. ಎಣಿಕೆ ಒಂದು ಕಡಿಮೆ ಬಂತು. ಮತ್ತೆ ಎಣಿಸಿದರು. ಆಮೇಲೆ ನೆನಪಾಗಿ ನನ್ನ ಕಡೆ ತಿರುಗಿ, "ಸರ್, ನನ್ನನ್ನೇ ಬಿಟ್ಟಿದ್ದೆ. ಎಲ್ಲರೂ ಇದ್ದೀವಿ" ಎಂದರು.